ನ್ಯಾಯಮೂರ್ತಿಗಳನ್ನು ಜನರೇ ಆರಿಸಿದರೆ: ವಿಸ್ಕಾನ್ಸಿನ್‌ನ 2008ರ ಚುನಾವಣೆ ಕುರಿತು ಒಂದು ಪ್ರಶ್ನೆ

ಪ್ರಶ್ನೆ | ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಹಿರಿಯರಿಗೆ, ಸ್ನೇಹಿತರಿಗೆ ನಮಸ್ಕಾರ.

ನಾನು ಕಲಬುರಗಿಯಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜಿನ ಚರ್ಚಾಕೂಟದಲ್ಲಿ ನ್ಯಾಯಮೂರ್ತಿಗಳ ನೇಮಕಾತಿಯ ವಿಷಯ ಬಂದಾಗ ಸಹಪಾಠಿಗಳಲ್ಲಿ ಅನೇಕರು ಒಂದೇ ಮಾತು ಹೇಳಿದರು. ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಮುಚ್ಚಿದ ಕೋಣೆಯಲ್ಲಿ ಕುಳಿತು ಹೆಸರು ಆರಿಸುವವರೆಗೆ ದಲಿತರು, ಹಿಂದುಳಿದವರು, ಹೆಣ್ಣುಮಕ್ಕಳು ಉಚ್ಚ ನ್ಯಾಯಾಲಯದ ಪೀಠ ಏರುವುದು ಅಪರೂಪವೇ ಆಗಿರುತ್ತದೆ, ಆದ್ದರಿಂದ ಅಮೆರಿಕದ ಹಲವು ರಾಜ್ಯಗಳಂತೆ ಇಲ್ಲಿಯೂ ಜನರೇ ಮತ ಹಾಕಿ ನ್ಯಾಯಮೂರ್ತಿಗಳನ್ನು ಆರಿಸಲಿ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಸೆಮಿನಾರಿನ ಪ್ರಬಂಧಕ್ಕಾಗಿ ಓದುತ್ತ ಹೋದಂತೆ, ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ 2008ರ ಏಪ್ರಿಲ್ 1ರಂದು ನಡೆದ ಚುನಾವಣೆಯ ವಿವರಗಳು ಸಿಕ್ಕವು, ಅವನ್ನು ಓದಿದ ಮೇಲೆ ಆ ವಾದವನ್ನು ಹಾಗೆಯೇ ಒಪ್ಪಲು ಮನಸ್ಸು ಬರುತ್ತಿಲ್ಲ.

ತಿಳಿಯದವರಿಗಾಗಿ ಸಂಗತಿಯನ್ನು ಹೇಳುತ್ತೇನೆ. ಆ ನ್ಯಾಯಾಲಯದಲ್ಲಿ ಏಳು ನ್ಯಾಯಮೂರ್ತಿಗಳಿರುತ್ತಾರೆ. ಒಬ್ಬೊಬ್ಬರ ಅವಧಿ 10 ವರ್ಷ. ಪಕ್ಷದ ಚಿಹ್ನೆ ಇಲ್ಲದೆ, ಇಡೀ ರಾಜ್ಯವೇ ಒಂದು ಕ್ಷೇತ್ರವಾಗಿ ಮತದಾನ ನಡೆಯುತ್ತದೆ. 2004ರಲ್ಲಿ ಒಂದು ಸ್ಥಾನ ತೆರವಾದಾಗ ಗವರ್ನರ್ ಜಿಮ್ ಡಾಯ್ಲ್ ಅವರು ಮಿಲ್ವಾಕಿಯ ನ್ಯಾಯಾಧೀಶ ಲೂಯಿಸ್ ಬಟ್ಲರ್ ಅವರನ್ನು ನೇಮಿಸಿದರು. ಆ ಪೀಠದಲ್ಲಿ ಕುಳಿತ ಮೊದಲ ಕಪ್ಪು ಜನಾಂಗದ ನ್ಯಾಯಮೂರ್ತಿ ಅವರು. 2008ರಲ್ಲಿ ಅವರು ಜನರ ಮುಂದೆ ಹೋಗಬೇಕಾಯಿತು. ಎದುರಾಳಿ ಬರ್ನೆಟ್ ಕೌಂಟಿಯ ನ್ಯಾಯಾಧೀಶ ಮೈಕೆಲ್ ಗೇಬಲ್‌ಮನ್. ಗೇಬಲ್‌ಮನ್ ಅವರ ಪ್ರಚಾರ ಸಮಿತಿ ಟಿವಿಯಲ್ಲಿ ಒಂದು ಜಾಹೀರಾತು ಬಿಟ್ಟಿತು. ಬಟ್ಲರ್ ಅವರು ಅಪರಾಧಿಗಳನ್ನು ಬೀದಿಗೆ ಬಿಡಿಸಲು ದುಡಿದವರು, ಹನ್ನೊಂದು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ಮಾಡಿದವನೊಬ್ಬನ ಪ್ರಕರಣದಲ್ಲಿ ಅವರು ಕಾನೂನಿನ ಒಂದು ಸಂದು ಹುಡುಕಿದರು, ಆತ ಮುಂದೆ ಇನ್ನೊಂದು ಮಗುವಿನ ಮೇಲೆ ದೌರ್ಜನ್ಯ ಎಸಗಿದ ಎಂಬುದು ಅದರ ಸಾರಾಂಶ. ಆ ಅಪರಾಧಿಯೂ ಕಪ್ಪು ಜನಾಂಗದವನು, ಅವನ ಚಿತ್ರವನ್ನೂ ಬಟ್ಲರ್ ಅವರ ಚಿತ್ರವನ್ನೂ ಅಕ್ಕಪಕ್ಕ ತೋರಿಸಲಾಗಿತ್ತು. ಫಲಿತಾಂಶ ಬಂದಾಗ ಗೇಬಲ್‌ಮನ್ ಅವರಿಗೆ ನೂರಕ್ಕೆ 51, ಬಟ್ಲರ್ ಅವರಿಗೆ 49. ಹುದ್ದೆಯಲ್ಲಿದ್ದ ನ್ಯಾಯಮೂರ್ತಿಯೊಬ್ಬರು ಆ ರಾಜ್ಯದಲ್ಲಿ ಸೋತದ್ದು 1967ರ ನಂತರ ಅದೇ ಮೊದಲು.

ನನ್ನನ್ನು ಕಾಡುವ ಸಂಗತಿ ಇದು. ಜಾಹೀರಾತಿನಲ್ಲಿ ಜನಾಂಗದ ಬಗ್ಗೆ ಒಂದು ಮಾತೂ ಇಲ್ಲ, ಬಿಡಿಬಿಡಿಯಾಗಿ ನೋಡಿದರೆ ಪ್ರತಿ ವಾಕ್ಯವೂ ನಿಜವೆಂದೇ ಗೇಬಲ್‌ಮನ್ ಅವರ ಪರ ವಕೀಲರು ವಾದಿಸಿದರು. ಹಾಗಿದ್ದರೆ ಅದನ್ನು ವರ್ಣಭೇದದ ಪ್ರಚಾರ ಎನ್ನಲು ಆಧಾರವೇನು? ಶೋಷಿತ ಸಮುದಾಯದವರನ್ನು ಪೀಠಕ್ಕೆ ತರುತ್ತದೆ ಎಂದು ನಾವು ನಂಬಿದ ಚುನಾವಣೆಯೇ ಆ ಪೀಠದ ಒಬ್ಬನೇ ಕಪ್ಪು ನ್ಯಾಯಮೂರ್ತಿಯನ್ನು ಕೆಳಗಿಳಿಸಿದ್ದರಿಂದ ನಮ್ಮ ವಾದದ ಬುಡವೇ ಅಲುಗಿತೆಂದು ಭಾವಿಸಬೇಕೇ? ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1 | ಕ್ರಿಮಿನಲ್ ವಕೀಲ, ಬೀದರ್

ತಂಗಿ, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಜಾಹೀರಾತು ಹೇಳದೆ ಬಿಟ್ಟದ್ದರಿಂದಲೇ ಉತ್ತರ ಶುರು ಮಾಡುತ್ತೇನೆ, ಏಕೆಂದರೆ ವಿಷಯದ ತಿರುಳು ಅಲ್ಲಿಯೇ ಇದೆ.

ಆ ಪ್ರಕರಣ 1980ರ ದಶಕದ್ದು. ಆಗ ಬಟ್ಲರ್ ಅವರು ನ್ಯಾಯಾಧೀಶರಾಗಿರಲಿಲ್ಲ, ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳಿಗಾಗಿ ಸರ್ಕಾರವೇ ನೇಮಿಸುವ ಸಾರ್ವಜನಿಕ ಪ್ರತಿರಕ್ಷಣಾ ವಕೀಲರಾಗಿದ್ದರು. ಶಿಕ್ಷೆಯಾದವನ ಪರ ಮೇಲ್ಮನವಿ ನಡೆಸುವುದು ಅವರಿಗೆ ಬಂದ ಕೆಲಸ. ವಿಚಾರಣೆಯ ವೇಳೆ ಒಪ್ಪಿಕೊಳ್ಳಬಾರದ ಸಾಕ್ಷ್ಯವೊಂದನ್ನು ಒಪ್ಪಿಕೊಳ್ಳಲಾಗಿದೆ ಎಂದು ಅವರು ವಾದಿಸಿದರು, ಮೇಲ್ಮನವಿ ನ್ಯಾಯಾಲಯ ಅದನ್ನು ಮನ್ನಿಸಿತು. 1988ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ತಪ್ಪು ಆಗಿರುವುದು ನಿಜವಾದರೂ ಅದರಿಂದ ತೀರ್ಪು ಬದಲಾಗುವಂತಿಲ್ಲ ಎಂದು ಹೇಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಂದರೆ ಬಟ್ಲರ್ ಅವರ ವಾದದಿಂದ ಆತ ಒಂದು ದಿನವೂ ಮುಂಚೆ ಹೊರಬರಲಿಲ್ಲ. ಜೈಲಿನಲ್ಲೇ ಇದ್ದು, ಪೆರೋಲಿನ ಸಮಯ ಬಂದಾಗ ಹೊರಬಂದ. ಎರಡನೆಯ ಅಪರಾಧ ಎಸಗಿದ್ದು ಅದಾದ ಮೇಲೆ.

ಈಗ ಜಾಹೀರಾತಿನ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. "ಬಟ್ಲರ್ ಒಂದು ಸಂದು ಹುಡುಕಿದರು." "ಆತ ಇನ್ನೊಂದು ಮಗುವಿನ ಮೇಲೆ ದೌರ್ಜನ್ಯ ಎಸಗಿದ." ಒಂದೊಂದು ಇಟ್ಟಿಗೆಯೂ ಗಟ್ಟಿ, ಕಟ್ಟಿದ ಗೋಡೆ ಮಾತ್ರ ಸೊಟ್ಟ. ಇವೆರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ ಮತದಾರ, ಆ ಸಂದಿನಿಂದಲೇ ಆತ ಹೊರಬಂದ ಎಂದು ತಿಳಿಯದೆ ಬೇರೇನು ತಿಳಿಯುತ್ತಾನೆ?

ಈ ಕಾರಣಕ್ಕೆ ನ್ಯಾಯಾಧೀಶರ ನಡವಳಿಕೆಯ ಮೇಲೆ ಕಣ್ಣಿಡುವ ಅಲ್ಲಿಯ ನ್ಯಾಯಿಕ ಆಯೋಗ 2008ರ ಅಕ್ಟೋಬರಿನಲ್ಲಿ ಗೇಬಲ್‌ಮನ್ ಅವರ ಮೇಲೆ ದೂರು ದಾಖಲಿಸಿತು. ಮೂವರು ನ್ಯಾಯಾಧೀಶರ ಸಮಿತಿ ದೂರನ್ನು ವಜಾ ಮಾಡುವಂತೆ ಶಿಫಾರಸು ಮಾಡಿತು. ಕೊನೆಗೆ ಅದು ಗೇಬಲ್‌ಮನ್ ಅವರೇ ಸದಸ್ಯರಾಗಿದ್ದ ಸರ್ವೋಚ್ಚ ನ್ಯಾಯಾಲಯಕ್ಕೇ ಬಂದಾಗ, ಅವರನ್ನು ಬಿಟ್ಟು ಉಳಿದ ಆರು ಮಂದಿ 2010ರಲ್ಲಿ ಮೂರು-ಮೂರಾಗಿ ಒಡೆದರು, ಯಾವ ಶಿಸ್ತುಕ್ರಮವೂ ಆಗಲಿಲ್ಲ. ಅಲ್ಲಿಯ ನಡವಳಿಕೆ ನಿಯಮದಲ್ಲಿ ಸುಳ್ಳು ಹೇಳಬಾರದೆಂಬ ಭಾಗ ಕಡ್ಡಾಯ, ನಿಜವಿದ್ದರೂ ದಾರಿ ತಪ್ಪಿಸುವ ಮಾತು ಆಡಬಾರದೆಂಬ ಭಾಗ ಕೇವಲ ಸಲಹೆ. ಇಡೀ ವಿವಾದ ನಿಂತದ್ದು ಈ ಎರಡರ ನಡುವೆ. ಒಂದೊಂದು ವಾಕ್ಯವೂ ನಿಜವಾಗಿದ್ದರೆ ಸುಳ್ಳು ಎನ್ನಲಾಗದು ಎಂದು ಮೂವರು, ಒಟ್ಟಾಗಿ ಓದಿದಾಗ ಹುಟ್ಟುವ ಅರ್ಥವೇ ಸುಳ್ಳು ಎಂದು ಮೂವರು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಲೇಬೇಕು. ನಾನು ಕಾನೂನು ನೆರವಿನ ಪ್ರಕರಣಗಳನ್ನು ನಡೆಸಿದವನು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಅಂದರೆ ಪೋಕ್ಸೊ ಪ್ರಕರಣವೊಂದರಲ್ಲಿ ಆರೋಪಿಗೆ ವಕೀಲರಿಲ್ಲವೆಂದು ಕಾನೂನು ಸೇವಾ ಪ್ರಾಧಿಕಾರದಿಂದ ನೇಮಕವಾಗಿ, ಪಾಟೀ ಸವಾಲು ಮುಗಿಸಿ ಕೋರ್ಟ್ ಹಾಲಿನಿಂದ ಹೊರಗೆ ಬಂದಾಗ, ನನ್ನ ಊರಿನವರೇ ಒಬ್ಬರು ಎದುರು ನಿಂತು, "ಅಂಥವನ ಪರ ಹ್ಯಾಂಗ ನಿಂತ್ರಿ ಸಾಹೇಬ್ರ, ನಿಮಗೂ ಹೆಣ್ಮಕ್ಕಳಿಲ್ಲೇನು?" ಎಂದು ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಇಷ್ಟದ ವಕೀಲನ ನೆರವು ಪಡೆಯುವ ಹಕ್ಕು ಕೊಡುತ್ತದೆ, 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆನ್ನುತ್ತದೆ, ಆ ಹಕ್ಕು ನಡೆಯಬೇಕಾದರೆ ಯಾರಾದರೂ ಎದ್ದು ನಿಲ್ಲಲೇಬೇಕು. ವಕೀಲರ ಪಾತ್ರ ಕುರಿತು ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ಮೂಲತತ್ತ್ವಗಳಲ್ಲಿ ಹದಿನೆಂಟನೆಯದು, ಕಕ್ಷಿದಾರನೊಂದಿಗೆ ವಕೀಲನನ್ನು ಸಮೀಕರಿಸಬಾರದು ಎಂದೇ ಹೇಳುತ್ತದೆ. ನಮ್ಮಲ್ಲಿ 2010ರಲ್ಲಿ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥವರ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಕಾನೂನುಬಾಹಿರ, ಅವಕ್ಕೆ ಬೆಲೆಯಿಲ್ಲ ಎಂದಿತು. ಆದರೂ 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರದ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥದೇ ನಿರ್ಣಯ ಆಯಿತು, ಉಚ್ಚ ನ್ಯಾಯಾಲಯ ಕಟುವಾಗಿ ಪ್ರಶ್ನಿಸಬೇಕಾಯಿತು.

ಆದ್ದರಿಂದ ವಿಸ್ಕಾನ್ಸಿನ್‌ನಲ್ಲಿ ಬರೀ ಒಬ್ಬರ ಬಣ್ಣದ ಮೇಲೆ ಪ್ರಚಾರ ನಡೆಯಿತು ಎಂದರೆ ಅರ್ಧ ಹೇಳಿದಂತೆ. ಬಡವರ ಪರ ನಿಲ್ಲುವ ಕೆಲಸವನ್ನೇ ಕಳಂಕವೆಂದು ತೋರಿಸಲಾಯಿತು, ಆ ಕಳಂಕ ಅಂಟಿಕೊಳ್ಳಲು ಬಣ್ಣ ನೆರವಾಯಿತು. ದೊಡ್ಡ ಕಂಪನಿಗಳ ವಕೀಲರ ಮನೆತನದಿಂದ ಬಂದವರಿಗಿಂತ, ಬಟ್ಲರ್ ಅವರಂತೆ ಇಂಥ ಸೇವೆಯಿಂದ ವೃತ್ತಿ ಕಟ್ಟಿಕೊಂಡವರೇ ಈ ಏಟಿಗೆ ಮೊದಲು ಸಿಗುವವರು.

ಉತ್ತರ 2 | ವ್ಯಾಪಾರಿ, ಕಲಬುರಗಿ

ವಕೀಲ ಸಾಹೇಬರ ವಿವರಣೆಗೆ ಗೌರವವಿದೆ. ಆದರೂ ಇನ್ನೊಂದು ಬದಿಯನ್ನು ಹೇಳದೆ ಬಿಟ್ಟರೆ ವಿದ್ಯಾರ್ಥಿನಿಯ ಪ್ರಬಂಧ ಒಂದೇ ಕಡೆ ವಾಲುತ್ತದೆ ಎಂದು ನನಗೆ ಅನ್ನಿಸುತ್ತದೆ.

ಬಟ್ಲರ್ ಅವರು 2000ದಲ್ಲಿಯೂ ಇದೇ ನ್ಯಾಯಾಲಯಕ್ಕೆ ಸ್ಪರ್ಧಿಸಿ ಡಯಾನ್ ಸೈಕ್ಸ್ ಅವರೆದುರು ಬಹು ದೊಡ್ಡ ಅಂತರದಿಂದ ಸೋತಿದ್ದರು. ಜನ ಆರಿಸದವರನ್ನು ನಾಲ್ಕು ವರ್ಷದ ನಂತರ ಗವರ್ನರ್ ನೇಮಿಸಿದರು, ಮತ್ತೆ ಜನರ ಮುಂದೆ ಬಂದಾಗ ಜನ ಮತ್ತೆ ಬೇಡವೆಂದರು. ಪೀಠದಲ್ಲಿದ್ದಾಗ ಅವರು ಕೊಟ್ಟ ತೀರ್ಪುಗಳ ಬಗ್ಗೆ ಅಲ್ಲಿಯ ಉದ್ಯಮಿಗಳಿಗೆ ಗಂಭೀರ ತಕರಾರು ಇತ್ತು, ಆ ತಕರಾರನ್ನು ಮತದಾರರ ಮುಂದೆ ಇಡುವುದು ತಪ್ಪಲ್ಲ. ಬಟ್ಲರ್ ಅವರ ಪರವಾಗಿದ್ದ ಸಂಘಟನೆಯೂ ಸುಮ್ಮನಿರಲಿಲ್ಲ, ಗೇಬಲ್‌ಮನ್ ಅವರಿಗೆ ಹಿಂದೆ ನ್ಯಾಯಾಧೀಶ ಹುದ್ದೆ ಸಿಕ್ಕಿದ್ದು ಅಂದಿನ ಗವರ್ನರ್‌ಗೆ ಕೊಟ್ಟ ಚುನಾವಣಾ ದೇಣಿಗೆಯಿಂದ ಎಂಬ ಅರ್ಥ ಬರುವಂತೆ ಜಾಹೀರಾತು ಕೊಟ್ಟಿತ್ತು. ಎರಡು ಕಡೆಯೂ ಕೆಸರು ಎರಚಿದಾಗ ಒಂದು ಕಡೆಯದಕ್ಕೆ ಮಾತ್ರ ಜನಾಂಗದ ಹೆಸರು ಕೊಡುವುದು ಸರಿಯೇ? ಒಂದು ಚಿತ್ರ ತೋರಿಸಿದ ಮಾತ್ರಕ್ಕೆ ಲಕ್ಷಾಂತರ ಮತದಾರರನ್ನು ವರ್ಣದ್ವೇಷಿಗಳೆಂದು ಕರೆಯುವುದು ಆ ಮತದಾರರಿಗೂ ಅನ್ಯಾಯ.

ಉತ್ತರ 3 | ಕ್ರಿಮಿನಲ್ ವಕೀಲ, ಬೀದರ್

ತಮ್ಮ ಮಾತಿನಲ್ಲಿ ಒಪ್ಪುವಂಥದ್ದು ಬಹಳಷ್ಟಿದೆ. ಆ ಜಾಹೀರಾತಿನಿಂದಲೇ ಬಟ್ಲರ್ ಸೋತರು ಎಂದು ಯಾರೂ ಸಾಬೀತು ಮಾಡಲಾರರು. ಮತ ಹಾಕಿದ ಎಲ್ಲರೂ ದ್ವೇಷದಿಂದ ಹಾಕಿದರೆಂದು ನಾನೂ ಹೇಳುವುದಿಲ್ಲ. ಎದುರು ಪಾಳಯದ ಜಾಹೀರಾತೂ ಮೆಚ್ಚುವಂಥದ್ದಲ್ಲ.

ಆದರೆ ತಾವೇ ಹೇಳಿದ ಉದ್ಯಮಿಗಳ ತಕರಾರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2005ರಲ್ಲಿ ಥಾಮಸ್ ವಿರುದ್ಧ ಮ್ಯಾಲೆಟ್ ಎಂಬ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದವರು ಬಟ್ಲರ್. ಮಿಲ್ವಾಕಿಯ ಹಳೆಯ ಬಾಡಿಗೆ ಮನೆಗಳ ಗೋಡೆಯ ಬಣ್ಣದಲ್ಲಿದ್ದ ಸೀಸ ದೇಹ ಸೇರಿ ನಂಜಾದ ಹುಡುಗನ ಪ್ರಕರಣ ಅದು. ಆ ಸೀಸದ ಬಣ್ಣವಸ್ತು ಯಾವ ಕಂಪನಿಯದೆಂದು ಹುಡುಗ ನಿಖರವಾಗಿ ತೋರಿಸಲಾಗದಿದ್ದರೂ ತಯಾರಕರ ಮೇಲೆ ದಾವೆ ಹೂಡಬಹುದೆಂದು ಆ ತೀರ್ಪು ಹೇಳಿತು. ಅದೇ ವರ್ಷ ವೈದ್ಯಕೀಯ ನಿರ್ಲಕ್ಷ್ಯದ ಪರಿಹಾರಕ್ಕೆ ಶಾಸನ ಹಾಕಿದ್ದ ಮಿತಿಯನ್ನು ರದ್ದು ಮಾಡಿದ ಬಹುಮತದಲ್ಲಿಯೂ ಅವರಿದ್ದರು. ರಾಜ್ಯದ ಉದ್ಯಮ ಸಂಘ ಅವರ ವಿರುದ್ಧ ದೊಡ್ಡ ಮೊತ್ತ ಸುರಿದದ್ದಕ್ಕೆ ಹಿನ್ನೆಲೆ ಇಂಥ ತೀರ್ಪುಗಳು. ಇವನ್ನು ಟೀಕಿಸುವ ಹಕ್ಕು ಅವರಿಗೆ ಖಂಡಿತ ಇತ್ತು, ನಾನಾಗಿದ್ದರೆ ಆ ಚರ್ಚೆಯನ್ನು ಸ್ವಾಗತಿಸುತ್ತಿದ್ದೆ. ಆದರೆ ಟಿವಿಯಲ್ಲಿ ಜನ ಕಂಡದ್ದು ಸೀಸದ ಬಣ್ಣವನ್ನಲ್ಲ, ಪರಿಹಾರದ ಮಿತಿಯನ್ನೂ ಅಲ್ಲ, ಅವರು ಕಂಡದ್ದು ಅಪರಾಧವನ್ನು. ಹಣ ಬಂದ ಕಾರಣ ಒಂದು, ಜನರಿಗೆ ಹೇಳಿದ ಕಾರಣ ಇನ್ನೊಂದು. ಕಂಪನಿಯ ಹೊಣೆಗಾರಿಕೆ ಕುರಿತು ಮೂವತ್ತು ಸೆಕೆಂಡಿನಲ್ಲಿ ಯಾರ ಮನಸ್ಸನ್ನೂ ಕಲಕಲಾಗದು, ಭಯವನ್ನಾದರೆ ಅಷ್ಟರಲ್ಲಿ ಹುಟ್ಟಿಸಬಹುದು.

ಚಿತ್ರದ ಬಗ್ಗೆ ಹೇಳುವುದಾದರೆ, ಅದಕ್ಕೊಂದು ಪೂರ್ವಚರಿತ್ರೆ ಇದೆ. 1988ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದ ಅಭ್ಯರ್ಥಿ ಡುಕಾಕಿಸ್ ಅವರ ವಿರುದ್ಧ, ವಾರಾಂತ್ಯದ ರಜೆಯ ಮೇಲೆ ಆ ರಾಜ್ಯದ ಜೈಲಿನಿಂದ ಹೊರಬಂದು ಅತ್ಯಾಚಾರ ಎಸಗಿದ ವಿಲ್ಲಿ ಹಾರ್ಟನ್ ಎಂಬ ಕಪ್ಪು ಕೈದಿಯ ಮುಖವನ್ನು ಟಿವಿಯಲ್ಲಿ ತೋರಿಸಲಾಗಿತ್ತು. ಅಂದಿನಿಂದ ಅಲ್ಲಿ ಅಪರಾಧದ ಜಾಹೀರಾತಿನಲ್ಲಿ ಕಪ್ಪು ಮುಖ ಕಂಡರೆ ಜನರಿಗೆ ಏನು ನೆನಪಾಗುತ್ತದೆ ಎಂಬುದು ಪ್ರಚಾರ ನಡೆಸುವವರೆಲ್ಲರಿಗೂ ತಿಳಿದ ವಿಷಯ. 2008ರ ಜಾಹೀರಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪರಾಧಿಯ ಮುಖದ ಪಕ್ಕದಲ್ಲಿ ನ್ಯಾಯಮೂರ್ತಿಯ ಮುಖವನ್ನೇ ಇಟ್ಟಿತು. ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ ಆರರಷ್ಟು, ಅವರಲ್ಲಿ ಬಹುಪಾಲು ಮಿಲ್ವಾಕಿಯಲ್ಲೇ ಇರುವ ರಾಜ್ಯ ಅದು. ಅನೇಕ ಊರುಗಳ ಮತದಾರರಿಗೆ ಬಟ್ಲರ್ ಅವರ ಪರಿಚಯವಾದದ್ದೇ ಆ ಪರದೆಯ ಮೇಲೆ, ಆ ಇನ್ನೊಂದು ಮುಖದ ಜೊತೆಗೆ. ಬಾಯಿಬಿಟ್ಟು ಹೇಳಿದ್ದರೆ ಯಾರಾದರೂ ಅಲ್ಲಗಳೆಯಬಹುದಿತ್ತು. ಹೇಳದೆ ತೋರಿಸಿದ್ದಕ್ಕೆ ಉತ್ತರ ಕೊಡುವುದು ಹೇಗೆ?

ಉತ್ತರ 4 | ರಾಜ್ಯಶಾಸ್ತ್ರ ಉಪನ್ಯಾಸಕ, ಯಾದಗಿರಿ

ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ, ಅದಕ್ಕೆ ಉತ್ತರಿಸಲು ಪ್ರಯತ್ನಿಸುತ್ತೇನೆ. ವಿಸ್ಕಾನ್ಸಿನ್ ಒಂದನ್ನೇ ನೋಡಿ, ಚುನಾವಣೆ ಎಂದರೆ ಅಲ್ಪಸಂಖ್ಯಾತರಿಗೆ ಬಾಗಿಲು ಮುಚ್ಚುವ ವ್ಯವಸ್ಥೆ ಎಂದು ತೀರ್ಮಾನಿಸಬಾರದು. ನೋಡಬೇಕಾದದ್ದು ಕ್ಷೇತ್ರದ ಗಡಿಯನ್ನು.

ಲೂಸಿಯಾನಾ ರಾಜ್ಯದ ಕತೆ ಕೇಳಿ. ಅಲ್ಲಿ ಸರ್ವೋಚ್ಚ ನ್ಯಾಯಾಲಯದ ಸ್ಥಾನಗಳಿಗೆ ಜಿಲ್ಲಾವಾರು ಚುನಾವಣೆ. ನ್ಯೂ ಆರ್ಲಿಯನ್ಸ್ ನಗರ ಸೇರಿರುವ ಆರ್ಲಿಯನ್ಸ್‌ನಲ್ಲಿ ಕಪ್ಪು ಮತದಾರರೇ ಹೆಚ್ಚು. ಆದರೆ ಅದನ್ನು ಸುತ್ತಲಿನ ಬಿಳಿಯರ ಬಹುಸಂಖ್ಯೆಯ ಮೂರು ಪ್ರದೇಶಗಳೊಂದಿಗೆ ಕೂಡಿಸಿ, ಎಲ್ಲರೂ ಸೇರಿ ಇಬ್ಬರನ್ನು ಆರಿಸುವ ಒಂದೇ ಕ್ಷೇತ್ರ ಮಾಡಿದ್ದರು, ಇತರ ಕ್ಷೇತ್ರಗಳಿಂದ ತಲಾ ಒಬ್ಬರು ಮಾತ್ರ ಬರುತ್ತಿದ್ದರು. ಪರಿಣಾಮವಾಗಿ ಕಪ್ಪು ಮತದಾರರ ಆಯ್ಕೆ ಪ್ರತಿ ಸಲವೂ ಮುಳುಗಿಹೋಗುತ್ತಿತ್ತು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟ್ ತಲುಪಿ, 1991ರಲ್ಲಿ ಚಿಸಮ್ ವಿರುದ್ಧ ರೋಮರ್ ತೀರ್ಪಿನಲ್ಲಿ, ಜನಾಂಗದ ಕಾರಣಕ್ಕೆ ಮತದ ಬಲ ಕುಗ್ಗಿಸುವುದನ್ನು ತಡೆಯುವ ಮತದಾನ ಹಕ್ಕುಗಳ ಕಾಯ್ದೆಯ ಎರಡನೆಯ ಸೆಕ್ಷನ್ ನ್ಯಾಯಮೂರ್ತಿಗಳ ಚುನಾವಣೆಗೂ ಅನ್ವಯಿಸುತ್ತದೆ ಎಂದು ಇತ್ಯರ್ಥವಾಯಿತು. ಮುಂದಿನ ವರ್ಷ ಆದ ಒಪ್ಪಂದದಿಂದ ಕಪ್ಪು ಮತದಾರರಿಗೆ ತಮ್ಮ ಆಯ್ಕೆಯ ನ್ಯಾಯಮೂರ್ತಿಯನ್ನು ಕಳಿಸುವ ಅವಕಾಶ ಸಿಕ್ಕಿತು, ರೇವಿಯಸ್ ಆರ್ಟಿಕ್ ಆರಿಸಿಬಂದರು, 1994ರಲ್ಲಿ ಬರ್ನೆಟ್ ಜಾನ್ಸನ್ ಬಂದರು.

ಜಾನ್ಸನ್ ಅವರ ವಿಷಯದಲ್ಲಿ ಅಷ್ಟಕ್ಕೇ ಮುಗಿಯಲಿಲ್ಲ. 2012ರಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ತೆರವಾಗುವ ಹೊತ್ತಿಗೆ, ಒಪ್ಪಂದದ ಅಡಿಯಲ್ಲಿ ವಿಶೇಷ ಸ್ಥಾನದಲ್ಲಿ ಕುಳಿತ ವರ್ಷಗಳನ್ನು ಹಿರಿತನದ ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂಬ ತಕರಾರು ಎದ್ದಿತು. ಆ ವರ್ಷಗಳನ್ನು ಬಿಟ್ಟರೆ ಬಿಳಿಯ ನ್ಯಾಯಮೂರ್ತಿಯೊಬ್ಬರು ಹಿರಿಯರಾಗುತ್ತಿದ್ದರು. ಜಾನ್ಸನ್ ಅವರು ಮತ್ತೆ ಫೆಡರಲ್ ನ್ಯಾಯಾಲಯಕ್ಕೆ ಹೋಗಬೇಕಾಯಿತು, ಕೊನೆಗೆ ಅವರದೇ ನ್ಯಾಯಾಲಯ ಅವರ ಹಿರಿತನವನ್ನು ಒಪ್ಪಿತು, 2013ರಲ್ಲಿ ಆ ರಾಜ್ಯದ ಮೊದಲ ಕಪ್ಪು ಮುಖ್ಯ ನ್ಯಾಯಮೂರ್ತಿಯಾದರು. ಗೆದ್ದು ಬಂದು ಹದಿನೆಂಟು ವರ್ಷ ಪೀಠದಲ್ಲಿ ಕುಳಿತವರಿಗೂ ತಮ್ಮ ಹಿರಿತನ ಲೆಕ್ಕಕ್ಕಿದೆಯೆಂದು ಹೋರಾಡಿ ಸಾಬೀತು ಮಾಡಬೇಕಾದ ಸ್ಥಿತಿ ಬಂದದ್ದನ್ನು ಓದುವಾಗ ನನಗೆ ನಿಜಕ್ಕೂ ನೋವಾಯಿತು.

ಇದಕ್ಕೆ ತದ್ವಿರುದ್ಧವಾಗಿ ಅಲಬಾಮಾದಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ. ಅಲ್ಲಿ 2000ದ ಚುನಾವಣೆಯಲ್ಲಿ ಪೀಠದಲ್ಲಿದ್ದ ಇಬ್ಬರು ಕಪ್ಪು ನ್ಯಾಯಮೂರ್ತಿಗಳೂ ಸೋತರು. ನಂತರ ಎರಡು ದಶಕಕ್ಕೂ ಹೆಚ್ಚು ಕಾಲ, ಜನಸಂಖ್ಯೆಯ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಕಪ್ಪು ಜನರಿರುವ ಆ ರಾಜ್ಯದಲ್ಲಿ ಪೀಠ ಪೂರ್ತಿ ಬಿಳಿಯರದಾಗಿತ್ತು. ಒಂದೇ ದೇಶ, ಎರಡು ಕಡೆಯೂ ಚುನಾವಣೆಯೇ. ಗಡಿ ಎಳೆದ ರೀತಿ ಬೇರೆ, ಫಲವೂ ಬೇರೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವಾರ್ಡಿನ ಗಡಿ ಮತ್ತು ಮೀಸಲಾತಿಯ ಸರದಿ ಬದಲಾದಾಗ ಯಾರು ಸದಸ್ಯರಾಗುತ್ತಾರೆ ಎಂಬುದು ಹೇಗೆ ಬದಲಾಗುತ್ತದೆ ಎಂದು ಸುರಪುರ, ಶಹಾಪುರ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನೇಮಕಾತಿಯಾದರೆ ಎಲ್ಲ ಸರಿಹೋಗುತ್ತದೆ ಎಂದೂ ಭಾವಿಸಬೇಡಿ. 2018ರಿಂದೀಚೆಗೆ ನಮ್ಮ ಉಚ್ಚ ನ್ಯಾಯಾಲಯಗಳಿಗೆ ನೇಮಕವಾದ ನ್ಯಾಯಮೂರ್ತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾಮಾನ್ಯ ವರ್ಗದವರು ಎಂದು ಕೇಂದ್ರ ಕಾನೂನು ಸಚಿವಾಲಯವೇ ಸಂಸತ್ತಿಗೆ ತಿಳಿಸಿದೆ. ಸ್ವಾತಂತ್ರ್ಯ ಬಂದು ಅರವತ್ತು ವರ್ಷ ತುಂಬುವ ಹೊತ್ತಿಗೆ, 2007ರಲ್ಲಿ, ಕೆ.ಜಿ. ಬಾಲಕೃಷ್ಣನ್ ಅವರು ದಲಿತ ಸಮುದಾಯದಿಂದ ಬಂದ ಮೊದಲ ಭಾರತದ ಮುಖ್ಯ ನ್ಯಾಯಮೂರ್ತಿಯಾದರು, ಎರಡನೆಯವರಾದ ಬಿ.ಆರ್. ಗವಾಯಿ ಅವರು ಬಂದದ್ದು 2025ರಲ್ಲಿ. ಚುನಾವಣೆಯಲ್ಲಿ ಪೂರ್ವಗ್ರಹ ಟಿವಿ ಪರದೆಯ ಮೇಲಾದರೂ ಕಾಣುತ್ತದೆ, ಅದರ ಮೇಲೆ ದೂರು ಕೊಡಬಹುದು, ಮೂರು-ಮೂರಾಗಿಯಾದರೂ ತೀರ್ಪು ಬರೆಸಬಹುದು. ಮುಚ್ಚಿದ ಕೋಣೆಯಲ್ಲಿ ಒಂದು ಹೆಸರು ಬಿಟ್ಟುಹೋದರೆ ದೂರು ಕೊಡಲು ಏನು ಕಾಗದವಿದೆ? ನಿಮ್ಮ ಸಹಪಾಠಿಗಳ ಅಸಮಾಧಾನ ನ್ಯಾಯವಾದದ್ದು, ಅದನ್ನು ಕೈಬಿಡಬೇಡಿ.

ಪ್ರತಿಕ್ರಿಯೆ | ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಪನ್ಯಾಸಕ ಸರ್, ಕ್ಷೇತ್ರದ ಗಡಿಯ ಮಾತು ನನ್ನ ಓದಿನಲ್ಲಿ ಎಲ್ಲಿಯೂ ಬಂದಿರಲಿಲ್ಲ, ಲೂಸಿಯಾನಾ ಮತ್ತು ಅಲಬಾಮಾವನ್ನು ಎದುರುಬದುರಾಗಿ ಇಟ್ಟು ಒಂದು ಅಧ್ಯಾಯ ಬರೆಯುತ್ತೇನೆ.

ವಕೀಲ ಸರ್, ನಿಮ್ಮ ಉತ್ತರ ಓದಿದ ಮೇಲೆ ಇನ್ನೊಂದು ಸಂದೇಹ ಹುಟ್ಟಿದೆ. ಪ್ರತಿರಕ್ಷಣಾ ವಕೀಲರಾಗಿ ದುಡಿದದ್ದೇ ಚುನಾವಣೆಯಲ್ಲಿ ಮುಳುವಾಗುವುದಾದರೆ, ನೇಮಕಾತಿ ಇರುವ ಕಡೆ ಅಂಥವರಿಗೆ ದಾರಿ ಸುಗಮವಾಗಿದೆಯೇ? ಸೋಲಿನ ನಂತರ ಬಟ್ಲರ್ ಅವರ ಗತಿ ಏನಾಯಿತು? ನಮ್ಮಲ್ಲಿ ಕಾನೂನು ನೆರವಿನ ಕೆಲಸ ಮಾಡಿದವರು ಪೀಠ ಏರುವ ಬಗ್ಗೆ ನಿಮ್ಮ ಅನುಭವವೇನು?

ಉತ್ತರ 5 | ಕ್ರಿಮಿನಲ್ ವಕೀಲ, ಬೀದರ್

ತಂಗಿ, ಬಟ್ಲರ್ ಅವರ ಮುಂದಿನ ಕತೆಯೇ ನಿಮ್ಮ ಮೊದಲ ಸಂದೇಹಕ್ಕೆ ಉತ್ತರ. ಅಧ್ಯಕ್ಷ ಒಬಾಮ ಅವರು 2009ರಲ್ಲಿ ಅವರನ್ನು ವಿಸ್ಕಾನ್ಸಿನ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ನಾಮನಿರ್ದೇಶನ ಮಾಡಿದರು. ಅದು ಜನರ ಮತವಿಲ್ಲದ, ಸೆನೆಟ್ ಒಪ್ಪಿಗೆ ಕೊಡುವ ಹುದ್ದೆ. ಸೆನೆಟ್ ಎಂದೂ ಮತಕ್ಕೆ ಹಾಕಲಿಲ್ಲ, ಮತ್ತೆ ಮತ್ತೆ ಕಳಿಸಿದ ನಾಮನಿರ್ದೇಶನ ಹಾಗೆಯೇ ಬಿದ್ದುಹೋಯಿತು. ರಾಜ್ಯದ ಮತದಾರರು ಎರಡು ಸಲ ತಿರಸ್ಕರಿಸಿದವರು ಎಂಬುದೇ ಅಲ್ಲಿ ಅವರ ವಿರುದ್ಧದ ದೊಡ್ಡ ವಾದ. ಹೀಗೆ ಒಂದು ದಾರಿಯಲ್ಲಿ ಬಿದ್ದ ಪೆಟ್ಟು ಇನ್ನೊಂದು ದಾರಿಯನ್ನೂ ಮುಚ್ಚಿತು. ಹಣದ ಹರಿವೂ ಅಂದಿಗೆ ನಿಲ್ಲಲಿಲ್ಲ, 2025ರ ಏಪ್ರಿಲಿನಲ್ಲಿ ಸೂಸನ್ ಕ್ರಾಫರ್ಡ್ ಗೆದ್ದ ಚುನಾವಣೆಯಲ್ಲಿ ಅದೇ ನ್ಯಾಯಾಲಯದ ಒಂದು ಸ್ಥಾನಕ್ಕೆ ಎರಡೂ ಕಡೆಯಿಂದ ಹತ್ತು ಕೋಟಿ ಡಾಲರಿಗೂ ಮೀರಿ ಖರ್ಚಾಯಿತು.

ಇನ್ನು ನಮ್ಮ ಕಡೆಯ ಮಾತು. ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾದದ್ದು ಅದೇ 2008ರ ಜುಲೈನಲ್ಲಿ, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕೂ ಮೊದಲು ಔರಾದ್‌ನ ಬಡ ಕಕ್ಷಿದಾರನ ಮೇಲ್ಮನವಿ ಬೆಂಗಳೂರಿಗೆ ಹೋಗಬೇಕಿತ್ತು, ಅವನ ಊರಿನ ವಕೀಲನ ಕೆಲಸ ಫೈಲು ಕಟ್ಟಿ ಕಳಿಸುವುದಕ್ಕೇ ನಿಲ್ಲುತ್ತಿತ್ತು. ಉಚ್ಚ ನ್ಯಾಯಾಲಯದಲ್ಲಿ ಎದ್ದು ನಿಂತು ವಾದಿಸದವರ ಹೆಸರು ಪೀಠಕ್ಕೆ ಶಿಫಾರಸಾಗುವುದು ಹೇಗೆ? ಪೀಠ ಬಂದ ಮೇಲೆ ಈ ಭಾಗದ ಎಳೆಯ ವಕೀಲರು ಅಲ್ಲಿ ನಿತ್ಯ ಕಾಣಿಸಿಕೊಳ್ಳುತ್ತಿದ್ದಾರೆ, ನ್ಯಾಯಮೂರ್ತಿಗಳು ಅವರ ವಾದ ಕೇಳುತ್ತಿದ್ದಾರೆ. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಕಾನೂನು ನೆರವಿನ ಕೆಲಸ ಇಂದಿಗೂ ಹಿರಿಮೆಯೆಂದು ಎಣಿಕೆಯಾಗುತ್ತಿಲ್ಲ. ಕೆಲವು ವರ್ಷಗಳಿಂದ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ತೆರೆದಿವೆ, ಅಲ್ಲಿಯ ವಕೀಲರು ಖಾಸಗಿ ಪ್ರಕರಣ ಬಿಟ್ಟು ಪೂರ್ಣಾವಧಿ ಬಡ ಆರೋಪಿಗಳ ಪರ ದುಡಿಯುತ್ತಾರೆ. ಜೈಲಿಗೆ ಹೋಗಿ, ಜಾಮೀನು ಸಿಕ್ಕರೂ ಭದ್ರತೆ ಕೊಡುವವರಿಲ್ಲದೆ ಒಳಗೇ ಉಳಿದವರ ಪಟ್ಟಿ ಮಾಡಿಕೊಂಡು ಬರುತ್ತಾರೆ. ದೋಷಾರೋಪ ಪಟ್ಟಿಯನ್ನು ಓದಲು ಬಾರದವನ ಮುಂದೆ ಕುಳಿತು, ಅವನ ಮಾತಿನಲ್ಲೇ, ಲಂಬಾಣಿ ತಾಂಡಾದವನಾದರೆ ಅವನ ಭಾಷೆ ಬಲ್ಲವರನ್ನು ಕರೆಸಿ, ಸಾಲು ಸಾಲಾಗಿ ವಿವರಿಸುತ್ತಾರೆ. ಸಂವಿಧಾನದ 233ನೇ ವಿಧಿಯ ಪ್ರಕಾರ ಏಳು ವರ್ಷ ವಕೀಲಿ ಮಾಡಿದವರು ನೇರ ನೇಮಕಾತಿಯಿಂದ ಜಿಲ್ಲಾ ನ್ಯಾಯಾಧೀಶರಾಗಬಹುದು, ಈ ಎಳೆಯರಲ್ಲಿ ಕೆಲವರು ಆ ಪರೀಕ್ಷೆಗೆ ಕೂರುವ ತಯಾರಿಯಲ್ಲಿದ್ದಾರೆ. ಸಂದರ್ಶನದಲ್ಲಿ ಯಾರಾದರೂ, "ಎಂಥೆಂಥವರ ಪರ ವಕಾಲತ್ತು ವಹಿಸಿದ್ದೀರಿ?" ಎಂದು ಮುಖ ಸಿಂಡರಿಸಿ ಕೇಳಿದರೆ ಏನು ಹೇಳಬೇಕೆಂಬ ಅಳುಕು ಅವರಲ್ಲಿದೆ. ಆ ಅಳುಕು ಹೋಗಬೇಕೆಂಬುದು ನನ್ನ ಮನದಾಳದ ಆಸೆ, ಆದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಪ್ರಬಂಧಕ್ಕೆ ಒಂದು ಸಲಹೆ ಕೊಡುತ್ತೇನೆ. ಚುನಾವಣೆಯೋ ಕೊಲಿಜಿಯಮ್ಮೋ ಎಂದು ಮಾತ್ರ ಕೇಳಿದರೆ ಕೊಲಿಜಿಯಂ ಬದಲಿಗೆ ತಂದಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ 2015ರಲ್ಲಿ ರದ್ದಾದ ತೀರ್ಪಿನ ಸುತ್ತಲೇ ಸುತ್ತುತ್ತೀರಿ, ಅದನ್ನು ಬರೆದವರು ಬಹಳ ಜನ ಇದ್ದಾರೆ. ಅದರ ಬದಲು, ಯಾವ ವೃತ್ತಿಜೀವನ ನ್ಯಾಯಮೂರ್ತಿ ಹುದ್ದೆಗೆ ಅರ್ಹತೆಯಾಗಿ ಎಣಿಕೆಯಾಗುತ್ತದೆ, ಯಾವುದು ಕಳಂಕವಾಗುತ್ತದೆ ಎಂದು ಎರಡೂ ದೇಶಗಳಲ್ಲಿ ಕೇಳಿ ನೋಡಿ. 2010ರ ಮೂರು-ಮೂರರ ಎರಡೂ ಬರಹಗಳನ್ನು ಪೂರ್ತಿ ಓದಿ, ಒಂದನ್ನು ಓದಿ ಇನ್ನೊಂದನ್ನು ಬಿಡಬೇಡಿ. ಮೊಹಮ್ಮದ್ ರಫಿ ತೀರ್ಪು ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ ಕಲಬುರಗಿಯ ಜಿಲ್ಲಾ ನ್ಯಾಯಾಲಯದಲ್ಲಿ ಅಭಿರಕ್ಷಕರ ಕಚೇರಿಗೆ ಹೋಗಿ, ಅಲ್ಲಿಯವರನ್ನು ಮಾತನಾಡಿಸಿ. ಬೆಳಗಿನ ಹೊತ್ತು ಅವರೆಲ್ಲ ರಿಮಾಂಡ್ ಕೆಲಸದಲ್ಲಿರುತ್ತಾರೆ, ಮಧ್ಯಾಹ್ನ ಮೂರರ ಮೇಲೆ ಹೋದರೆ ಸಮಾಧಾನದಿಂದ ಸಿಗುತ್ತಾರೆ.